ಕರಿ ದಿನದ ಒಲೆ

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಮಠವಿತ್ತು. ಸಣ್ಣದು ಅಂದರೆ ಸಣ್ಣದೇ. ಒಂದು ಪಡಸಾಲೆ, ಒಂದು ಅಡುಗೆಮನೆ, ಹೊಳೆಗೆ ಇಳಿಯುವ ಮೆಟ್ಟಿಲು, ಮತ್ತು ಸಂಗನಜ್ಜ.

ಅಜ್ಜ ಅಲ್ಲಿಯ ಗುರು. ಅವರದೊಂದು ಪದ್ಧತಿಯಿತ್ತು. ಹಬ್ಬದ ದಿನ ಊರೆಲ್ಲ ಮಠಕ್ಕೆ ಬಂದು ಹೋಳಿಗೆ ಉಂಡರೂ ಅವರು ಮಾತ್ರ ಉಣ್ಣುತ್ತಿರಲಿಲ್ಲ. ಮರುದಿನ ಉಣ್ಣುತ್ತಿದ್ದರು.

ಹಬ್ಬದ ಮರುದಿನಕ್ಕೆ ಆ ಕಡೆ ಕರಿ ಅನ್ನುತ್ತಾರೆ. ಕರಿಯ ದಿನ ಯಾರೂ ಶುಭಕಾರ್ಯ ಹಿಡಿಯುವುದಿಲ್ಲ, ಊರಿಗೆ ಹೊರಡುವುದಿಲ್ಲ. ಹಿಂದಿನ ದಿನ ಉಳಿದದ್ದನ್ನು ತಿನ್ನುವುದಕ್ಕೆ ಮಾತ್ರ ಯಾವ ಪಂಚಾಂಗವೂ ಅಡ್ಡ ಬಂದಿಲ್ಲ.

ಕರಿಯ ಪಂಕ್ತಿಯಲ್ಲಿ ಅಜ್ಜನ ಜೊತೆ ಕೂರುತ್ತಿದ್ದವರು ಹಬ್ಬದ ದಿನ ಹಬ್ಬವಿಲ್ಲದವರು. ಊರವರನ್ನು ದೋಣಿಯಲ್ಲಿ ದಾಟಿಸಿದ ಅಂಬಿಗರು, ವಾಲಗ ಊದಿದವರು, ಹೂ ಮಾರಿದ ಹೆಂಗಸರು, ಕುರಿ ಬಿಟ್ಟು ಬರಲಾಗದ ಕುರುಬರು.

ಮಠದ ಅಡುಗೆ ಗದಿಗೆಯ್ಯನದು. ಮೀಸೆ ಮೂಡುವ ಮೊದಲೇ ಬಂದು ಸೇರಿದ ಶಿಷ್ಯ. ಈಗ ಆ ಮೀಸೆ ನರೆತಿತ್ತು. ಅವನ ಹೋಳಿಗೆಯ ಹೆಸರು ಹೊಳೆಯ ಎರಡೂ ದಂಡೆಗೆ ಗೊತ್ತಿತ್ತು. ಕರಿಯ ದಿನ ಮಾತ್ರ ಅವನು ಉಳಿದ ಅನ್ನ ಬಿಸಿ ಮಾಡಿ, ಸಾರು ಕುದಿಸಿ, ಪಂಕ್ತಿಗೆ ಇಷ್ಟಿಷ್ಟು ನೀಡಿ, ಮೂಲೆ ಹಿಡಿದು ಮಲಗಿಬಿಡುತ್ತಿದ್ದ.

ಅಜ್ಜ ಒಂದು ತುತ್ತು ಹೆಚ್ಚು ಕೇಳಿದವರಲ್ಲ, ಒಂದು ಅಗುಳು ಬಿಟ್ಟವರೂ ಅಲ್ಲ. ಚಲೋ ಆಗೈತಿ ಅಂದವರೂ ಅಲ್ಲ. ನಮ್ಮ ಅಜ್ಜಾರದು ಮಾತು ಕಮ್ಮಿ ಎಂದು ಗದಿಗೆಯ್ಯ ತನಗೆ ತಾನೇ ಸಮಾಧಾನ ಹೇಳಿಕೊಂಡು ವರ್ಷಗಳನ್ನು ಕಳೆದಿದ್ದ.

ಆಮೇಲೆ ಸಾತಪ್ಪ ಬಂದ.

ಸಾತಪ್ಪ ನಡುವಯಸ್ಸಿನವನು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕಾಲು ನಿಲ್ಲದೆ ಮಠಕ್ಕೆ ಬಂದಿದ್ದ. ಹೋಳಿಗೆ ಲಟ್ಟಿಸಲು ಕೊಟ್ಟರೆ ಹೂರಣವೆಲ್ಲ ಹೊರಗೆ. ಅನ್ನ ಬಸಿಯಲು ಹೇಳಿದರೆ ಅರ್ಧ ಅನ್ನ ಗಂಜಿಯ ಸಂಗಡ ಹೋಗುತ್ತಿತ್ತು. ಗದಿಗೆಯ್ಯ ಹಣೆ ಬಡಿದುಕೊಂಡು ಅವನನ್ನು ಪಾತ್ರೆ ತಿಕ್ಕಲು ಹಚ್ಚಿದ.

ದೀಪಾವಳಿಯ ಊಟ ಮುಗಿದ ಸಂಜೆ ಅಜ್ಜ ಅಂದರು: "ನಾಳಿ ಕರಿ ಒಲಿ ಸಾತಪ್ಪ ಹಿಡೀಲಿ. ಗದಿಗೆಯ್ಯ ದಣದಾನ."

ಗದಿಗೆಯ್ಯನಿಗೆ ಖುಷಿಯೇ ಆಯಿತು. ತಂಗಳು ಕಾಯಿಸುವುದಕ್ಕೆ ಯಾರಾದರೇನು ಎಂದು ನಿಶ್ಚಿಂತೆಯಿಂದ ಮಲಗಿದ.

ಮರುದಿನ ಮಧ್ಯಾಹ್ನ ಅವನನ್ನು ಎಬ್ಬಿಸಿದ್ದು ವಾಸನೆ. ತುಪ್ಪದಲ್ಲಿ ಯಾರೋ ಏನನ್ನೋ ಕೆಂಪಗೆ ಹುರಿಯುತ್ತಿದ್ದರು.

ಎದ್ದು ಬಂದು ನೋಡಿದರೆ, ಅವನ ಹೋಳಿಗೆಗಳನ್ನು ಸಾತಪ್ಪ ಹಂಚಿನ ಮೇಲೆ ಗರಿಗರಿ ಮಾಡಿ, ಮುರಿದು ಪುಡಿ ಮಾಡಿ, ಒಣಕೊಬ್ಬರಿ ಗಸಗಸೆ ಸೇರಿಸಿ ಉಂಡೆ ಕಟ್ಟಿದ್ದ. ಉಳಿದ ಅನ್ನಕ್ಕೆ ಜೋಳದ ಹಿಟ್ಟು, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ನಾದಿ ರೊಟ್ಟಿ ತಟ್ಟಿದ್ದ. ಕೋಸಂಬರಿಯ ಹೆಸರುಬೇಳೆ ರುಬ್ಬಿ ಸಣ್ಣ ಸಣ್ಣ ವಡೆ ಕರಿದಿದ್ದ. ಬದನೆಕಾಯಿ ಪಲ್ಯವನ್ನು ಹಿಚುಕಿ, ಮೊಸರಲ್ಲಿ ಕಲಸಿ, ಮೇಲೊಂದು ಒಗ್ಗರಣೆ ಕೊಟ್ಟಿದ್ದ. ಬೇಳೆ ಬಸಿದು ಮಾಡಿದ ಕಟ್ಟಿನ ಸಾರನ್ನು ಮಾತ್ರ ಹಾಗೇ ಬಿಟ್ಟಿದ್ದ; ಅದು ಮರುದಿನಕ್ಕೇ ರುಚಿ ಎಂದು ಯಾರಿಗೆ ಗೊತ್ತಿಲ್ಲ?

ಪಂಕ್ತಿಯಲ್ಲಿ ನಗು ಕೇಳುತ್ತಿತ್ತು. ಅಂಬಿಗರ ಯಲ್ಲವ್ವ ವಡೆ ಬಾಯಲ್ಲಿಟ್ಟುಕೊಂಡೇ ಮಾತಾಡುತ್ತಿದ್ದಳು. ಅಜ್ಜ ಎಲೆ ಖಾಲಿ ಮಾಡಿ ತಲೆ ಎತ್ತಿದರು.

"ಸಾತಪ್ಪ, ಇನ್ನಷ್ಟು ನೀಡು."

ಗದಿಗೆಯ್ಯ ಕಂಬ ಹಿಡಿದು ನಿಂತ. ಇಷ್ಟು ವರ್ಷ ಅವನು ಆ ಒಂದು ಮಾತಿಗೆ ಕಾದಿದ್ದ, ಕಾಯುತ್ತಿದ್ದೇನೆ ಎಂದು ಗೊತ್ತಿಲ್ಲದೇ ಕಾದಿದ್ದ. ಈಗ ಅದು ಬಂತು, ಪಾತ್ರೆ ತಿಕ್ಕುವವನಿಗೆ ಬಂತು. ಅವನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಸಂಜೆ ಅಜ್ಜ ಮೆಟ್ಟಿಲ ಮೇಲೆ ಒಬ್ಬರೇ ಕೂತಾಗ ಹೋಗಿ ಕೇಳಿಯೇಬಿಟ್ಟ.

"ಅಜ್ಜಾರ, ನನ್ನ ಅಡಿಗ್ಯಾಗ ಏನ್ ಕಮ್ಮಿ ಆತ್ರಿ?"

"ಏನೂ ಕಮ್ಮಿ ಆಗಲಿಲ್ಲ. ಅದಕ್ಕ ಉಳೀತು."

ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಹಿಗ್ಗುತ್ತಿದ್ದರು. ಹೊಟ್ಟೆಕಿಚ್ಚಿನವನ ಕಿವಿಯೇ ಬೇರೆ. ಉಳಿದರೆ ತಾನೇ ಸಾತಪ್ಪನ ಆಟ, ಉಳಿಯದಿದ್ದರೆ ಅವನೇನು ಮಾಡಿಯಾನು ಎಂದು ಗದಿಗೆಯ್ಯ ಯೋಚಿಸತೊಡಗಿದ.

ಅಂದಿನಿಂದ ಅವನ ಕಣ್ಣಿಗೆ ಬೇರೇನೂ ಬೀಳದಾಯಿತು. ಅಜ್ಜ ಮೆಟ್ಟಿಲು ಇಳಿಯುವಾಗ ಯಾರ ಹೆಗಲು ಹಿಡಿದರು, ಯಾರ ಹೆಸರು ಮೊದಲು ಕರೆದರು, ಇದೇ ಲೆಕ್ಕ. ಸಾತಪ್ಪ ಸೀನಿದರೆ ಅಜ್ಜ ಅತ್ತ ನೋಡುತ್ತಾರೆ ಎನ್ನಿಸಿತು. ಒಮ್ಮೆ ತಾನೂ ಬೇಕೆಂದೇ ಸೀನಿದ. ಅಜ್ಜ "ಶಿವ ಶಿವ" ಅಂದರು. ಸಾತಪ್ಪನಿಗೆ ಅಂದ ಶಿವ ಶಿವ ಇದಕ್ಕಿಂತ ಮೆತ್ತಗಿತ್ತು ಎಂದು ಸಂಜೆಯವರೆಗೆ ಕೊರಗಿದ.

ಸಾತಪ್ಪನ ಮುಖ ಕಂಡರೆ ಸಾಕು, ಮೈ ಉರಿಯುತ್ತಿತ್ತು.

"ನೀ ಮಾಡೂದು ಅಡಿಗಿ ಅಲ್ಲೋ. ನಾ ಮಾಡಿಟ್ಟಿದ್ದನ್ನ ಮುರಿದು ಹಾಳ ಮಾಡ್ತಿ."

"ಹೌದಣ್ಣಾ," ಅಂದ ಸಾತಪ್ಪ, ತಿಕ್ಕುತ್ತಿದ್ದ ಹಂಡೆಯೊಳಗಿಂದ. "ಅದ ತಾನ ಹಾಳಾಗೂಕಿಂತ ಮೊದಲ ಮಾಡ್ತೀನಿ."

ತಿರುಗಿ ಜಗಳ ಆಡಿದ್ದರಾದರೂ ಗದಿಗೆಯ್ಯನಿಗೆ ಒಂದಿಷ್ಟು ನೆಮ್ಮದಿ ಇರುತ್ತಿತ್ತು. ಆ ಪುಣ್ಯಾತ್ಮ ಅದನ್ನೂ ಕೊಡಲಿಲ್ಲ.

ಯುಗಾದಿ ಬಂತು.

ಆ ಸಲ ಗದಿಗೆಯ್ಯ ಬೇಳೆಯನ್ನು ಅಳೆದು ಹಾಕಿದ. ಬೆಲ್ಲ ಅಳೆದು ಹಾಕಿದ. ಅಕ್ಕಿಯನ್ನು ಒಂದು ಸಲ ಅಳೆದು, ಮನಸ್ಸು ತಡೆಯದೆ ಮತ್ತೊಂದು ಸಲ ಅಳೆದು, ಒಂದು ಬೊಗಸೆ ವಾಪಸು ತೆಗೆದ. ಎಷ್ಟು ಬಾಯಿಯೋ ಅಷ್ಟೇ ತುತ್ತು. ಅಡುಗೆಯಲ್ಲಿ ಅವನಿಗಿದ್ದ ವಿದ್ಯೆಯೆಲ್ಲ ಅಂದು ಆ ಒಂದು ಕೆಲಸಕ್ಕೆ ಬಂತು.

ನೀಡುವ ಸೌಟನ್ನೂ ಬೇರೆಯವರ ಕೈಗೆ ಕೊಡಲಿಲ್ಲ.

ಹಬ್ಬದ ಪಂಕ್ತಿಯಲ್ಲಿ ನೀಡುವವನು "ಇನ್ನೊಂದು ಹಾಕಿಸ್ಕೊರ್ರಿ" ಅನ್ನಬೇಕು. ಉಣ್ಣುವವನು "ಒಲ್ಲೆ ಒಲ್ಲೆ" ಎಂದು ಎಲೆಗೆ ಎರಡೂ ಕೈ ಅಡ್ಡ ಹಿಡಿಯಬೇಕು. ಆ ಕೈಗಳ ಸಂದಿಯಲ್ಲೇ ಒಂದು ಹೋಳಿಗೆ ಜಾರಿಸಬೇಕು. ಈ ಗುದ್ದಾಟವಿಲ್ಲದೆ ಆ ಕಡೆ ಹಬ್ಬ ಹಬ್ಬವಲ್ಲ.

ಗದಿಗೆಯ್ಯ ಅಂದು ಎಲೆಯ ಮುಂದೆ ಬಗ್ಗಿ, "ಸಾಕಲ್ರಿ?" ಅಂದ.

ಹಾಗೆ ಕೇಳಿದ ಮೇಲೆ ಸಾಲದು ಅನ್ನುವವರು ಯಾರು? ಮರ್ಯಾದಸ್ಥರೆಲ್ಲ "ಸಾಕ್ರಿ, ಸಾಕ್ರಿ" ಅಂದರು. ಇನ್ನೊಂದು ಹೋಳಿಗೆಗೆಂದು ಕೈ ಮುಂದೆ ಮಾಡಿದ್ದ ಊರಗೌಡರು ಅದೇ ಕೈಯಿಂದ ಮೀಸೆ ತಿರುವಿಕೊಂಡು ಎದ್ದರು. ಪಂಕ್ತಿ ಬೇಗ ಮುಗಿಯಿತು. ಅಜ್ಜ ಪಡಸಾಲೆಯ ತುದಿಯಲ್ಲಿ ಕೂತು ಎಲ್ಲವನ್ನೂ ನೋಡಿದರು.

ಹೊತ್ತು ಇಳಿಯುವಾಗ ಸಾತಪ್ಪ ಅಡುಗೆಮನೆಗೆ ಬಂದು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ನೋಡಿದ.

"ಏನೂ ಉಳೀಲಿಲ್ಲೋ ತಮ್ಮಾ," ಅಂದ ಗದಿಗೆಯ್ಯ. "ಮಂದಿ ಬಾಯಿ ಚಪ್ಪರಿಸಿ ಉಂಡ್ರು."

"ಸಾರೂ ಇಲ್ಲೇನಣ್ಣಾ?"

"ಸಾರೂ ಇಲ್ಲ."

ಸಾತಪ್ಪ ಮುಚ್ಚಳಗಳನ್ನು ಒಂದರ ಮೇಲೊಂದು ಪೇರಿಸಿದ. ಆಮೇಲೆ ಪಾತ್ರೆಗಳನ್ನು ಹೊಳೆಗೆ ಹೊತ್ತುಕೊಂಡು ಹೋದ. ಆ ಬಾಗಿದ ಬೆನ್ನು ನೋಡಿ ಗದಿಗೆಯ್ಯನಿಗೆ ಎಷ್ಟೋ ತಿಂಗಳ ಮೇಲೆ ಹಾಯೆನಿಸಿತು.

ಅವನ ಉಪಾಯ ಅಲ್ಲಿಗೇ ಮುಗಿದಿರಲಿಲ್ಲ. ಮೂಲೆಯಲ್ಲಿ ಒದ್ದೆ ಬಟ್ಟೆಯ ಕೆಳಗೆ ಒಂದು ಹಿಡಿ ಹೂರಣ, ಒಂದು ಮುದ್ದೆ ಕಣಕ ಮುಚ್ಚಿಟ್ಟಿದ್ದ. ಅಜ್ಜನೊಬ್ಬರಿಗೆ ಆಗುವಷ್ಟು. ನಾಳೆ ಕರಿಯ ದಿನ ತಂಗಳಿಲ್ಲ, ಸಾತಪ್ಪನಿಲ್ಲ. ಬಿಸಿ ಹೋಳಿಗೆ, ತುಪ್ಪ, ಮತ್ತು ತಾನು. ಇನ್ನಷ್ಟು ನೀಡು ಎಂಬ ಮಾತು ತನ್ನ ಕಿವಿಗೇ ಬೀಳಬೇಕು.

ಬೆಳಗಾಯಿತು. ಸಾತಪ್ಪ ಎಲ್ಲೂ ಕಾಣಲಿಲ್ಲ. ಮುಖ ತಪ್ಪಿಸಿಕೊಂಡು ಎಲ್ಲೋ ಕೂತಿದ್ದಾನೆ ಎಂದುಕೊಂಡು ಗದಿಗೆಯ್ಯ ಒಲೆ ಹಚ್ಚಿದ. ನಾಲ್ಕು ಹೋಳಿಗೆ ಆದವು. ಜನ್ಮದಲ್ಲೇ ಅಷ್ಟು ತೆಳ್ಳಗೆ ಲಟ್ಟಿಸಿರಲಿಲ್ಲ. ಹೊಳೆಗೆ ಹೋಗಿ ಮಿಂದು ಬಂದ ಅಜ್ಜ ಪಡಸಾಲೆಯಲ್ಲಿ ಕೂತರು. ಗದಿಗೆಯ್ಯ ಅವರ ಮುಂದೆ ಎಲೆ ಹಾಸಿದ.

ಆಗ ದೋಣಿ ಮೆಟ್ಟಿಲಿಗೆ ತಾಗಿದ ಸದ್ದು ಕೇಳಿತು.

ಯಲ್ಲವ್ವ ಬಂದಳು. ಅವಳ ಗಂಡ ಬಂದ. ವಾಲಗದವರು ಬಂದರು, ಹೂವಿನವರು ಬಂದರು, ಕಂಬಳಿ ಹೊದ್ದ ಕುರುಬರು ಬಂದರು. ತಾಟು ಮುಂದಿಟ್ಟುಕೊಂಡು ಅಜ್ಜನ ಎರಡೂ ಮಗ್ಗುಲಿಗೆ ಸಾಲಾಗಿ ಕೂತರು.

ಗದಿಗೆಯ್ಯ ತಲೆ ಎಣಿಸಿದ; ಒಳಗೆ ಇದ್ದದ್ದು ನಾಲ್ಕೇ ಹೋಳಿಗೆ. ಇಷ್ಟು ದಿನ ಸಾತಪ್ಪನನ್ನು ನೋಡಿ ನೋಡಿ ಅವನು ಇವರನ್ನು ಪೂರ್ತಿ ಮರೆತಿದ್ದ.

"ನಿನ್ನಿ ದಿನಾ ಹುಟ್ಟು ಹಾಕಿ ಹಾಕಿ ರಟ್ಟಿ ಬಿದ್ದುಹೋಗ್ಯಾವೋ ಎಪ್ಪಾ," ಅಂದಳು ಯಲ್ಲವ್ವ. "ಒಂದು ರೊಟ್ಟಿ ತಿಂದಿದ್ದು ಅಷ್ಟ. ಇವತ್ತಿನ ಊಟದ ಮ್ಯಾಲ ಜೀವಾ ಹಿಡಕೊಂಡು ಬಂದೀವಿ. ಏನ್ ಮಾಡೀರಿ?"

ಗದಿಗೆಯ್ಯ ಅಜ್ಜನ ಕಡೆ ನೋಡಿದ. ಅಜ್ಜ ಹೊರಗೆ ದಾರಿಯ ಕಡೆ ನೋಡುತ್ತಿದ್ದರು.

ದಾರಿಯಲ್ಲಿ ಸಾತಪ್ಪ ಬರುತ್ತಿದ್ದ. ಹೆಗಲಿಗೆ ಜೋಳಿಗೆ, ತಲೆಯ ಮೇಲೆ ಹಂಡೆ. ಅವನ ಹಿಂದೆ ಊರಿನ ನಾಲ್ಕಾರು ಹೆಣ್ಣುಮಕ್ಕಳು ಒಂದೊಂದು ಬುಟ್ಟಿ ಹೊತ್ತು ಬರುತ್ತಿದ್ದರು.

"ತಡ ಆತ್ರಿ ಅಜ್ಜಾರ," ಅಂದ ಸಾತಪ್ಪ, ಏದುಸಿರು ಬಿಡುತ್ತ. "ಮಠದಾಗ ಏನೂ ಉಳೀಲಿಲ್ಲಂತ ಊರಾಗ ಕೇಳಾಕ ಹೋಗಿದ್ದೆ. ಎಲ್ಲಾರ ಮನ್ಯಾಗೂ ಉಳದೈತ್ರಿ! ನಿನ್ನಿ ಇಲ್ಲಿ ಹೊಟ್ಟಿ ತುಂಬಲಿಲ್ಲಂತ ಮನಿಗೆ ಹೋಗಿ ಮತ್ತ ಒಲಿ ಹಚ್ಚ್ಯಾರಂತ."

ಹಿಂದೆ ನಿಂತ ಹೆಣ್ಣುಮಕ್ಕಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಗದಿಗೆಯ್ಯನ ಕಿವಿ ಬಿಸಿಯಾದವು.

ಮನೆಮನೆಯ ಸಾರು ಒಂದೇ ಹಂಡೆಯಲ್ಲಿ ಕೂಡಿತ್ತು. ಒಬ್ಬರದು ಖಾರ, ಒಬ್ಬರದು ಹುಳಿ, ಒಬ್ಬರದು ಉಪ್ಪಿಲ್ಲ. ಕೂಡಿ ಕುದಿದ ಮೇಲೆ ಅಂಥ ಸಾರು ಆ ಪಡಸಾಲೆ ಕಂಡಿರಲಿಲ್ಲ. ಹೆಣ್ಣುಮಕ್ಕಳು ಅನ್ನಕ್ಕೆ ಹಿಟ್ಟು ಕಲಸಿ ರೊಟ್ಟಿ ತಟ್ಟಿದರು. ಸಾತಪ್ಪ ಒಗ್ಗರಣೆ ಹಾಕಿದ. ಪಂಕ್ತಿ ಉಂಡಿತು, ನಕ್ಕಿತು, ಮತ್ತೆ ಹಾಕಿಸಿಕೊಂಡಿತು.

ಹಟ ಮಾತ್ರ ಹೋಗಲಿಲ್ಲ. ಗದಿಗೆಯ್ಯ ತನ್ನ ನಾಲ್ಕು ಹೋಳಿಗೆ ತಂದು ಅಜ್ಜನ ಎಲೆಯ ಮುಂದೆ ಹಿಡಿದ.

"ಯಾವತ್ತಿಂದಿದು?" ಕೇಳಿದರು ಅಜ್ಜ.

"ಈಗ ಮಾಡಿದ್ರಿ. ಬಿಸಿ ಅದಾವ. ನಿಮಗಂತ."

"ಹಂಗಾರ ನಾಳಿಗಿ ಇಡು. ನಿನ್ನಿದು ಇನ್ನೂ ಮುಗದಿಲ್ಲ."

ಅಷ್ಟು ಹೇಳಿ ಅಜ್ಜ ಸಾರಿನ ಕಡೆ ಕೈ ತೋರಿಸಿದರು. ಸಾತಪ್ಪ ಬಗ್ಗಿ ನೀಡಿದ. ಗದಿಗೆಯ್ಯ ತಾಟು ಹಿಡಿದುಕೊಂಡು ಒಳಗೆ ಹೋಗಿ ಒಲೆಯ ಮುಂದೆ ಕುಕ್ಕರಿಸಿದ. ಅವನ ಕಣ್ಣೆದುರೇ ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟಿತು. ಅವತ್ತು ಅವನು ಉಣ್ಣಲಿಲ್ಲ. ಯಾರೂ ಕರೆಯಲಿಲ್ಲ ಅನ್ನೋಣವೆಂದರೆ ಸಾತಪ್ಪ ಎರಡು ಸಲ ಬಂದು ಕರೆದಿದ್ದ. ಅದೇ ಇನ್ನೂ ಹೆಚ್ಚು ಉರಿಸಿತು.

ಮರುದಿನ ಮಧ್ಯಾಹ್ನ ಅಜ್ಜ ಅಡುಗೆಮನೆಯ ಬಾಗಿಲಿಗೆ ಬಂದರು.

"ಗದಿಗೆಯ್ಯ, ಇವತ್ತು ನಿನ್ನ ಕರಿ. ಇಟ್ಟಿದ್ದನ್ನ ತಗೊಂಡು ಬಾ."

ಹೋಳಿಗೆಗಳು ಚರ್ಮದಂತೆ ಬಿರುಸಾಗಿದ್ದವು. ಹಾಗೇ ಕೊಡುವಂತಿರಲಿಲ್ಲ. ಹಂಚಿನ ಮೇಲೆ ಇಟ್ಟ. ಅಂಚು ಕರಕಲಾಯಿತು, ನಡು ತಣ್ಣಗೇ ಉಳಿಯಿತು. ಹಾಲು ಚಿಮುಕಿಸಿದ, ಒಂದು ಕಡೆ ಹರಿದು ಹೂರಣ ಹಂಚಿಗೆ ಅಂಟಿತು. ಹೊಸದು ಮಾಡುವುದರಲ್ಲಿ ಗಟ್ಟಿಗನಾದ ಗದಿಗೆಯ್ಯನಿಗೆ ನಿನ್ನೆಯದನ್ನು ಏನು ಮಾಡಬೇಕೆಂದೇ ಗೊತ್ತಿರಲಿಲ್ಲ.

ಹಿತ್ತಲಲ್ಲಿ ಸಾತಪ್ಪ ಹಂಡೆ ತಿಕ್ಕುತ್ತಿದ್ದ. ಕರೆಯುವುದಕ್ಕಿಂತ ಹೊಳೆಗೆ ಹಾರುವುದು ಸುಲಭ ಎನ್ನಿಸಿತು. ಪಡಸಾಲೆಯಲ್ಲಿ ಅಜ್ಜ ಎಲೆಯ ಮುಂದೆ ಕಾಯುತ್ತಿದ್ದರು.

"ಸಾತಪ್ಪ," ಅಂದ ಗದಿಗೆಯ್ಯ. ಹಂಡೆ ತಿಕ್ಕುವ ಸದ್ದು ನಿಲ್ಲಲಿಲ್ಲ. "ಸಾತಪ್ಪ, ಬಾರೋ ಇಲ್ಲಿ. ಇದನ್ನ ಹೆಂಗ ಮಾಡ್ತಿ?"

ಸಾತಪ್ಪ ಕೈ ಒರೆಸಿಕೊಂಡು ಬಂದ. ನಗಲಿಲ್ಲ. ಒಲೆಯ ಕಟ್ಟಿಗೆ ಎರಡು ಹೊರಗೆಳೆದ.

"ಉರಿ ಬಾಳ ಆತಣ್ಣಾ. ಸಣ್ಣ ಉರಿ ಇರಬೇಕು. ಮ್ಯಾಲ ಒತ್ತಬ್ಯಾಡ. ಅದರ ಪಾಡಿಗೆ ಅದು ಗರಿ ಆಗಲಿ, ಆಮ್ಯಾಲ ಮುರಿ."

ಇಬ್ಬರೂ ಒಲೆಯ ಮುಂದೆ ಕೂತರು. ಸ್ವಲ್ಪ ಹೊತ್ತಿಗೆ ಹೋಳಿಗೆಯಿಂದ ಸುವಾಸನೆ ಎದ್ದಿತು.

"ನಿನ್ನಿ ಊರವರ ಹೋಳಿಗಿನೂ ಹಿಂಗ ಮಾಡಾಕ ನೋಡಿದೆ," ಅಂದ ಸಾತಪ್ಪ. "ಆಗಲಿಲ್ಲ. ಎಲ್ಲಾ ಹಿಟ್ಟಾದ್ವು. ನಿನ್ನ ಹೋಳಿಗಿ ಒಳಗೆಲ್ಲಾ ಸಮಾ ಬೆಂದಿರತಾವ. ಅದಕ್ಕ ಮರುದಿನಾ ಗರಿ ಆಗ್ತಾವ. ದೀಪಾವಳಿಯಾಗ ನಾ ಏನ್ ಮಾಡಿದೆ? ನೀ ಮಾಡಿದ್ದನ್ನ ಮುರದೆ ಅಷ್ಟ."

ಗದಿಗೆಯ್ಯ ಹಂಚಿನ ಮೇಲಿನ ಹೋಳಿಗೆಯನ್ನು ತಿರುವಿ ಹಾಕಿದ.

"ನೀ ಲಟ್ಟಿಸುವಾಗ ನಾ ಕದ್ದು ನೋಡ್ತಿರತೀನಣ್ಣಾ. ಮಣಿ ಮ್ಯಾಲ ಹೋಳಿಗಿ ತಾನ ತಿರಗತೈತಿ. ನನಗ ಈ ಜನ್ಮದಾಗ ಬರೂದಿಲ್ಲ. ಖರೇ ಹೇಳ್ಲಿ? ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತೈತಿ."

ಗದಿಗೆಯ್ಯನ ಹೊಟ್ಟೆ ತಣ್ಣಗಾಯಿತು. ಅದು ಹೀಗೆ ತಣ್ಣಗಾದದ್ದಕ್ಕೆ ಅವನಿಗೆ ನಾಚಿಕೆಯೂ ಆಯಿತು.

ಮುರಿದರು. ಕೊಬ್ಬರಿ, ಗಸಗಸೆ, ತುಪ್ಪ ಹಾಕಿದರು. ಸಾತಪ್ಪ ಹೇಳಿದ ಹಾಗೆ ಗದಿಗೆಯ್ಯನೇ ಉಂಡೆ ಕಟ್ಟಿದ. ತಾಟಿನಲ್ಲಿಟ್ಟುಕೊಂಡು ಇಬ್ಬರೂ ಅಜ್ಜನ ಮುಂದೆ ಬಂದು ನಿಂತರು.

ಅಜ್ಜ ಒಂದು ಉಂಡೆ ತಿಂದರು, ನಿಧಾನವಾಗಿ. ಆಮೇಲೆ ಒಂದನ್ನು ಸಾತಪ್ಪನ ಕೈಗಿಟ್ಟರು, ಒಂದನ್ನು ಗದಿಗೆಯ್ಯನ ಕೈಗಿಟ್ಟರು.

ಗದಿಗೆಯ್ಯನ ಕಣ್ಣು ತಾನಾಗಿಯೇ ಸಾತಪ್ಪನ ಅಂಗೈ ಕಡೆ ಹೋಯಿತು, ಯಾರದು ದೊಡ್ಡದು ನೋಡಲಿಕ್ಕೆ.

ನೋಡಿದ್ದು ತನಗೇ ಗೊತ್ತಾಯಿತು. ಈಗಷ್ಟೇ ಒಂದೇ ಒಲೆಯ ಮುಂದೆ ಕೂತು ಎದ್ದು ಬಂದಿದ್ದ. ಆ ಉಂಡೆಗಳನ್ನು ಕಟ್ಟಿದವನೂ ತಾನೇ. ಅವನಿಗೆ ಅಳು ಬಂತು.

ಸಾತಪ್ಪ ಉಂಡೆಯನ್ನು ಬಾಯಿಗೆ ಹಾಕಿಕೊಂಡು, ಅರ್ಧ ತಿಕ್ಕಿದ ಹಂಡೆಯ ನೆಪ ಹೇಳಿ ಹಿತ್ತಲಿಗೆ ಹೋದ. ಗದಿಗೆಯ್ಯ ಅಜ್ಜನ ಮುಂದೆ ಕುಸಿದು ಕೂತ.

"ಅಜ್ಜಾರ, ನನ್ನ ಹೊಟ್ಟಿಕಿಚ್ಚು ಇನ್ನೂ ಹೋಗವಲ್ದರಿ."

"ಹುಂ."

"ಯುಗಾದಿ ಅಡಿಗಿ ನಾ ಬೇಕಂತನ ಅಳದು ಮಾಡಿದ್ದೆ. ಅವಗ ಏನೂ ಉಳೀಬಾರದಂತ."

"ನೀ ನೀಡೂದು ನೋಡಿದ್ದೆ."

"ನೋಡಿ ಒಂದು ಮಾತು ಬೈಯಲಿಲ್ಲ. ಬೈದಿದ್ರರ ಚಲೋ ಇತ್ತು." ಗದಿಗೆಯ್ಯ ಕೈಯಲ್ಲಿದ್ದ ಉಂಡೆಯನ್ನು ನೋಡುತ್ತ ಕೂತ. ಆಮೇಲೆ ತಡೆಯಲಾರದೆ ಅಂದುಬಿಟ್ಟ: "ಮೀಸಿ ಬರೂದಕ್ಕಿಂತ ಮೊದಲಿಂದ ನಿಮ್ಮ ಕೂಡ ಅದೀನಿ. ಅಂವ ನಿನ್ನಿ ಮೊನ್ನಿ ಬಂದಾಂವ. ನಿಮ್ಮ ಪ್ರೀತಿ ಎಲ್ಲಾ ಅವಗ ನೀಡಿಬಿಟ್ರ, ನನಗೇನ್ ಉಳೀತೈತ್ರಿ ಅಜ್ಜಾರ?"

ಅಜ್ಜ ತಮ್ಮ ಧೋತರದ ತುದಿಯಿಂದ ಅವನ ಮುಖ ಒರೆಸಿದರು.

"ಹುಚ್ಚಪ್ಪಾ, ನಾ ನಿನ್ನಂಗ ಅಳದು ಅಡಿಗಿ ಮಾಡಾಂವಲ್ಲ."